ಆಫೀಸಿಗೂ ಕೆರೆ ಏರಿಗೂ ಒಂದೇ ಸೈಕಲ್: ಸೆಕೆಂಡ್ ಹ್ಯಾಂಡ್ ಸೈಕ್ಲೋಕ್ರಾಸ್ ತಗೊಳ್ಳಬಹುದಾ?

ಕೆರೆಏರಿ (ಬೆಂಗಳೂರು):

ನಮಸ್ಕಾರ. ಬನಶಂಕರಿಯಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ. ವಾರದಲ್ಲಿ ಎರಡು ಮೂರು ದಿನವಾದರೂ ಸೈಕಲ್ಲಲ್ಲೇ ಹೋಗಿ ಬರಬೇಕು ಅಂತಿದೀನಿ. ಲ್ಯಾಪ್‌ಟಾಪು, ಬಟ್ಟೆ, ಊಟದ ಡಬ್ಬಿ ಎಲ್ಲಾ ಹೊತ್ತುಕೊಂಡು. ಭಾನುವಾರ ಮಂಚನಬೆಲೆ, ಸಾವನದುರ್ಗದ ಕಡೆ ಹೊರಟರೆ ಟಾರು ಮುಗಿದ ಮೇಲೂ ಇಳಿಯದೆ ಕೆರೆ ಏರಿ, ತೋಟದ ದಾರಿ ಹಿಡಿದು ಹೋಗುವಂತಿರಬೇಕು. ಊರು ತೀರ್ಥಹಳ್ಳಿ ಕಡೆ, ಹಾಗಾಗಿ ಯಾವಾಗಲಾದರೂ ಆಗುಂಬೆ ಹತ್ತುವ ಆಸೆಯೂ ಇದೆ. ಎರಡು ಸೈಕಲ್ ಇಡೋಕೆ ಮನೆಯಲ್ಲಿ ಜಾಗ ಇಲ್ಲ, ಮನೆಯವರ ಒಪ್ಪಿಗೆಯಂತೂ ಇಲ್ಲವೇ ಇಲ್ಲ.

ಸಹೋದ್ಯೋಗಿಯೊಬ್ಬ ಹೊರದೇಶಕ್ಕೆ ಹೋಗ್ತಿದಾನೆ. ಅವನ ಅಲ್ಯೂಮಿನಿಯಂ ಸೈಕ್ಲೋಕ್ರಾಸ್ (ಕೆಸರುದಾರಿಯ ರೇಸಿಗೆ ಅಂತ ಮಾಡೋ, ಬಗ್ಗಿದ ಹ್ಯಾಂಡಲ್ಲಿನ ಸೈಕಲ್) ಮಾರಾಟಕ್ಕಿದೆ, 45 ಸಾವಿರ ಹೇಳ್ತಿದಾನೆ. ಮುಂದೆ 46/36 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 28 ಹಲ್ಲಿನವರೆಗೆ (11-28) ಹತ್ತು ಗೇರು. ವೈರ್ ಎಳೆಯುವ ಡಿಸ್ಕ್ ಬ್ರೇಕು. 33 ಮಿ.ಮೀ. ಬಟನ್ ಟೈರು (ಮೈಮೇಲೆ ರಬ್ಬರಿನ ಉಬ್ಬುಗಳಿರೋದು). ಅದೇ ದುಡ್ಡಿಗೆ ಮುಂದೆ ಸಸ್ಪೆನ್ಶನ್ ಇರೋ, ನೆಟ್ಟಗಿನ ಹ್ಯಾಂಡಲ್ಲಿನ ಹೊಸ ಹೈಬ್ರಿಡ್ ಬರುತ್ತೆ. ಇನ್ನೊಂದಿಷ್ಟು ಸೇರಿಸಿದರೆ ಹೊಸ ಗ್ರಾವೆಲ್ ಬೈಕೇ (ಕಚ್ಚಾ ದಾರಿಗೂ ಆಗೋ, ಅಗಲ ಟೈರಿನ, ಬಗ್ಗಿದ ಹ್ಯಾಂಡಲ್ಲಿನ ಸೈಕಲ್) ಸಿಗುತ್ತೆ. ನನ್ನ ಎತ್ತರ ಐದಡಿ ಐದಿಂಚು. ಏನು ಮಾಡಲಿ?

ಹಳೇಅಟ್ಲಾಸ್ (ಮೈಸೂರು):

ಹೈಬ್ರಿಡ್ ತಗೊಳ್ಳಿ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ಗುಂಡಿಗಳಿಗೆ ಸಸ್ಪೆನ್ಶನ್ ಬೇಕೇ ಬೇಕು. ಬಗ್ಗಿದ ಹ್ಯಾಂಡಲ್ ಹಿಡಿದು ಸಿಲ್ಕ್ ಬೋರ್ಡಿನಲ್ಲಿ ನಿಂತಿರೋರನ್ನ ನೋಡಿದರೆ ನನಗೇ ಬೆನ್ನು ನೋಯುತ್ತೆ.

ಕಡ್ಡಿಬಿಗಿ (ಬೆಂಗಳೂರು):

ಅಟ್ಲಾಸ್ ಸರ್, ಆ ಬೆಲೆಯ ಹೈಬ್ರಿಡ್‌ಗೆ ಬರೋ ಸ್ಪ್ರಿಂಗ್ ಫೋರ್ಕು ಒಂದೇ ಎರಡು ಕಿಲೋ ಮೇಲೆ ತೂಗುತ್ತೆ. ಮೊದಲ ಮಳೆಗಾಲ ಕಳೆಯೋದರಲ್ಲಿ ಒಳಗೆ ನೀರು ಹೋಗಿ ಬಿಗಿದುಕೊಳ್ಳುತ್ತೆ. ಬಿಚ್ಚಿ ಗ್ರೀಸ್ ಹಾಕಿಸೋರು ಎಷ್ಟು ಜನ? ನಾನು ಸೈಕಲ್ ರಿಪೇರಿಯನ್ನೇ ನಂಬಿ ಬದುಕಿರೋನು, ನನ್ನ ಹತ್ತಿರ ಬರೋ ಹೈಬ್ರಿಡ್‌ಗಳಲ್ಲಿ ಆ ಫೋರ್ಕು ಬರೀ ಭಾರಕ್ಕೆ ಅಂತಲೇ ಇರೋದು. ಗುಂಡಿಗೆ ಬೇಕಾಗಿರೋದು ಅಗಲ ಟೈರು, ಅದರಲ್ಲಿ ಸರಿಯಾದ ಗಾಳಿ. ನೆಟ್ಟಗಿನ ಹ್ಯಾಂಡಲ್ ಬೇಕು ಅನ್ನೋರಿಗೆ ಗಟ್ಟಿ ಫೋರ್ಕಿನ ಹೈಬ್ರಿಡ್ ಒಳ್ಳೇದು, ಅದರಲ್ಲಿ ತಕರಾರಿಲ್ಲ.

ಲ್ಯೂವೆನ್‌ಕನ್ನಡಿಗ (ಬೆಲ್ಜಿಯಂ):

ಈ ಸೈಕಲ್ ಯಾವ ಕೆಲಸಕ್ಕೆ ಹುಟ್ಟಿದ್ದು ಅಂತ ತಿಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ನಾನಿರೋ ನಾಡಿನಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ವಾರಾಂತ್ಯ ಬಂತು ಅಂದರೆ ಟಿ.ವಿ.ಯಲ್ಲಿ ಸೈಕ್ಲೋಕ್ರಾಸ್. ಮೊದಲು ಶುರುವಾಗಿದ್ದು ಫ್ರಾನ್ಸಿನಲ್ಲಿ, 1902ರಲ್ಲೇ ಅಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆದಿತ್ತು. ವಿಶ್ವ ಚಾಂಪಿಯನ್‌ಶಿಪ್ ಮೊದಲು ಆಗಿದ್ದು 1950ರಲ್ಲಿ, ಪ್ಯಾರಿಸ್‌ನಲ್ಲಿ. ಈಗ ಅದರ ತವರು ಅಂದರೆ ಬೆಲ್ಜಿಯಂನ ಫ್ಲ್ಯಾಂಡರ್ಸ್. ಹೆಚ್ಚುಕಮ್ಮಿ ಒಂದು ಗಂಟೆಯ ರೇಸು, ಮೂರು ಕಿ.ಮೀ. ಆಸುಪಾಸಿನ ಸುತ್ತು. ಕೊಪ್ಪೆನ್‌ಬರ್ಗ್‌ನಲ್ಲಿ ಕೆಸರಿನ ಏರು, ಕೊಕ್ಸೈಡೆಯಲ್ಲಿ ಸಮುದ್ರದಂಡೆಯ ಮರಳುದಿಬ್ಬ, ಅಲ್ಲಲ್ಲಿ 40 ಸೆಂ.ಮೀ. ಎತ್ತರದ ಹಲಗೆ. ಇಳಿದು, ಸೈಕಲ್ ಹೆಗಲಿಗೆ ಹಾಕಿಕೊಂಡು ಓಡಬೇಕು. ಕೆಸರು ಮೆತ್ತಿಕೊಂಡರೆ ಪಕ್ಕದಲ್ಲಿ ಇನ್ನೊಂದು ಸೈಕಲ್ ತೊಳೆದು ಸಿದ್ಧವಾಗಿ ನಿಂತಿರುತ್ತೆ.

ಸೈಕಲ್ಲಿನ ಗುಣದೋಷ ಎಲ್ಲಾ ಇಲ್ಲಿಂದಲೇ ಬಂದಿದ್ದು. ರೇಸಿನ ನಿಯಮದಂತೆ ಟೈರು 33 ಮಿ.ಮೀ. ದಾಟಬಾರದು, ಆದ್ದರಿಂದ ಫ್ರೇಮಿನಲ್ಲಿ ಅದಕ್ಕಿಂತ ತುಂಬಾ ಅಗಲದ ಟೈರಿಗೆ ಜಾಗ ಬಿಡೋ ಗೋಜಿಲ್ಲ. ಕೆಸರು ಜಾರಿ ಬೀಳಲಿ ಅಂತ ಸುತ್ತ ಸಂದು ಮಾತ್ರ ಬಿಟ್ಟಿರ್ತಾರೆ, ನಮ್ಮಂಥವರಿಗೆ ಲಾಭ ಆಗೋದು ಆ ಸಂದಿನಿಂದಲೇ. ಒಂದು ಗಂಟೆಗೆ ನೀರು ಬೇಡ, ಹೀಗಾಗಿ ಕೆಲವು ರೇಸಿಂಗ್ ಫ್ರೇಮುಗಳಲ್ಲಿ ಬಾಟಲಿ ಕೂರಿಸೋಕೂ ತೂತಿಲ್ಲ. ಹೆಗಲಿಗೆ ಚುಚ್ಚಬಾರದು ಅಂತ ಮೇಲಿನ ಕೊಳವೆಯ ತಳಭಾಗ ಚಪ್ಪಟೆ, ವೈರುಗಳು ಅದರ ಮೇಲ್ಭಾಗದಲ್ಲಿ. ಮಡ್‌ಗಾರ್ಡು, ಕ್ಯಾರಿಯರ್ ಅಂತೂ ಕೇಳಲೇಬೇಡಿ.

ಆದರೆ ಎಲ್ಲ ಸೈಕ್ಲೋಕ್ರಾಸೂ ಹೀಗಲ್ಲ. ಗ್ರಾವೆಲ್ ಅನ್ನೋ ಹೆಸರು ಅಂಗಡಿಗೆ ಬರೋಕೆ ಮುಂಚೆ, ದಿನಬಳಕೆಗೆ ಗಟ್ಟಿಮುಟ್ಟಾದ ಬಗ್ಗಿದ ಹ್ಯಾಂಡಲ್ಲಿನ ಸೈಕಲ್ ಬೇಕು ಅಂದವರಿಗೆ ಕಂಪನಿಗಳು ಇದೇ ಹೆಸರಿನಲ್ಲಿ ಮಾರ್ತಿದ್ದವು. ಸರ್ಲಿಯ ಕ್ರಾಸ್‌ಚೆಕ್ ಅಂಥದ್ದು: ಉಕ್ಕಿನ ಫ್ರೇಮು, 42 ಮಿ.ಮೀ. ಟೈರು ಹಿಡಿಯುತ್ತೆ, ಕ್ಯಾರಿಯರ್‌ಗೆ ತೂತು ಬೇಕಾದಷ್ಟಿದೆ. ಕ್ಯಾನನ್‌ಡೇಲ್‌ನ ಅಲ್ಯೂಮಿನಿಯಂ ಕ್ಯಾಡ್‌ಎಕ್ಸ್ ಓಡಿಸಿ ಆಫೀಸಿಗೆ ಹೋಗೋರು ಇಲ್ಲಿ ಈಗಲೂ ಕಾಣ್ತಾರೆ. ಗ್ರಾವೆಲ್ ಬಂದ ಮೇಲೆ ಎರಡೂ ಬೇರೆಯಾದವು. ಸ್ಪೆಷಲೈಸ್ಡ್‌ನವರ ಕ್ರಕ್ಸ್ ಅನ್ನೋ ಸೈಕ್ಲೋಕ್ರಾಸ್ 2021ರಲ್ಲಿ 47 ಮಿ.ಮೀ. ಟೈರು ಹಿಡಿಯುವ ಗ್ರಾವೆಲ್ ಬೈಕೇ ಆಗಿಹೋಯಿತು.

ಹಾಗಾಗಿ ಫ್ರೇಮಿನ ಮೇಲೆ ಏನು ಬರೆದಿದೆ ಅಂತ ನೋಡಬೇಡಿ. ಹಿಂದಿನ ಚಕ್ರದ ಅಚ್ಚಿನ ಹತ್ತಿರ, ಫೋರ್ಕಿನ ತುದಿಯಲ್ಲಿ, ಸೀಟಿನ ಕೆಳಗೆ ಸ್ಕ್ರೂ ತೂತುಗಳಿವೆಯಾ ನೋಡಿ. ಇಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಕಡಲತಡಿ (ಉಡುಪಿ):

ಲ್ಯೂವೆನ್‌ನವರು ಸರಿಯಾಗಿ ಹೇಳಿದ್ರು. ತೂತಿಲ್ಲದ ರೇಸಿನ ಫ್ರೇಮಿಗೆ ಬೆಲ್ಟು ಕಟ್ಟಿ ಕ್ಯಾರಿಯರ್ ಕೂರಿಸುದು ಅಂದ್ರೆ ಕಂಬಳದ ಕೋಣವನ್ನು ಗಾಡಿಗೆ ಹೂಡಿದ ಹಾಗೆ ಮಾರಾಯ್ರೆ.

ಬ್ರೇಕಿನ ಬಗ್ಗೆ ನಾನು ಹೇಳ್ತೇನೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂದ್ರೆ ಆಕಾಶಕ್ಕೇ ತೂತು. ಹಳೇ ಸೈಕ್ಲೋಕ್ರಾಸ್‌ಗಳಲ್ಲಿ ಡಿಸ್ಕ್ ಇರ್ಲಿಲ್ಲ, ರಿಮ್ಮನ್ನು ಎರಡು ಬದಿಯಿಂದ ಹಿಡಿಯುವ ಕ್ಯಾಂಟಿಲಿವರ್ ಬ್ರೇಕು. ರೇಸಿನಲ್ಲಿ ಡಿಸ್ಕಿಗೆ ಒಪ್ಪಿಗೆ ಸಿಕ್ಕಿದ್ದೇ 2010ರಲ್ಲಿ. ಕ್ಯಾಂಟಿಲಿವರ್‌ನದ್ದು ಆದ್ರೆ ಮಳೆಗೆ ಮುರಕಲ್ಲಿನ ಕೆಂಪುಮಣ್ಣು ರಬ್ಬರಿಗೂ ರಿಮ್ಮಿಗೂ ಮಧ್ಯೆ ಕೂತು ಅರೆದು ಹಾಕ್ತದೆ. ನಿಮ್ಮದು ಡಿಸ್ಕ್, ಆ ತಲೆಬಿಸಿ ಇಲ್ಲ. ಆದ್ರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಎಂತದ್ದು ಅಂತ ನೋಡಿ. ರೆಸಿನ್ ಪ್ಯಾಡ್ ಮಳೆಯಲ್ಲಿ ಬೇಗ ಸವೀತದೆ. ಲೋಹದ ಪ್ಯಾಡ್ ಹೆಚ್ಚು ಬಾಳಿಕೆ ಬರ್ತದೆ, ಸ್ವಲ್ಪ ಕಿರುಚ್ತದೆ ಅಷ್ಟೆ. ಕೆಲವು ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಕೊರೆದಿರ್ತಾರೆ, ಅದಕ್ಕೆ ಲೋಹದ್ದು ಹಾಕ್ಲಿಕ್ಕೆ ಆಗುದಿಲ್ಲ.

ಕಡ್ಡಿಬಿಗಿ (ಬೆಂಗಳೂರು):

ವೈರ್ ಡಿಸ್ಕ್ ಅಂತ ಯಾರೂ ಮೂಗು ಮುರಿಯಬೇಡಿ. ವೈರ್ ಬದಲು ಎಣ್ಣೆ ಒತ್ತುವ ಹೈಡ್ರಾಲಿಕ್ ಬ್ರೇಕಿನ ಹಿಡಿತ ಜಾಸ್ತಿ, ಬೆರಳಿಗೂ ಸುಲಭ, ಒಪ್ತೀನಿ. ಆದರೆ ಅದು ಸೋರಿದರೆ ಶಿಮಾನೋ ಕಂಪನಿಯ ಬ್ರೇಕಿಗೆ ಮಿನರಲ್ ಆಯಿಲ್, ಸ್ರಾಮ್‌ನ ಬಹುಪಾಲು ಬ್ರೇಕಿಗೆ ಡಾಟ್ ಆಯಿಲ್, ಜೊತೆಗೆ ಗಾಳಿ ತೆಗೆಯೋಕೆ ಸಿರಿಂಜು. ಮಾಗಡಿಯಾಚೆ ಅದನ್ನೆಲ್ಲ ಎಲ್ಲಿ ಹುಡುಕ್ತೀರಿ? ವೈರ್ ಆದರೆ ಮನೆಯಿಂದಲೇ ಒಂದು ಒಳವೈರ್ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡರೆ ಮುಗೀತು.

ಒಂದು ಮುಖ್ಯ ವಿಷಯ. ಹಿಂದಿನ ಚಕ್ರ ಹಳೇ ಕಾಲದ ಕ್ವಿಕ್ ರಿಲೀಸಾ (ತೆಳು ಕಡ್ಡಿ, ತುದಿಯಲ್ಲಿ ಮಡಿಸೋ ಹಿಡಿ), ಇಲ್ಲ ಥ್ರೂ ಆಕ್ಸಲ್ಲಾ (ಫ್ರೇಮಿಗೇ ತಿರುವಿ ಕೂರಿಸೋ ದಪ್ಪ ಅಚ್ಚು) ನೋಡಿ. ಡಿಸ್ಕಿನ ಸೈಕ್ಲೋಕ್ರಾಸ್ ಬಂದ ಹೊಸದರಲ್ಲಿ ಹಿಂದೆ 135 ಮಿ.ಮೀ. ಕ್ವಿಕ್ ರಿಲೀಸ್ ಇರ್ತಿತ್ತು. ಆ ಕಾಲದ ಎಂ.ಟಿ.ಬಿ.ಗಳಿಗೂ (ಬೆಟ್ಟಗುಡ್ಡದ ಮೌಂಟನ್ ಬೈಕು) ಅದೇ ಅಳತೆ. ನಿಮ್ಮದು ಹತ್ತು ಗೇರು ಬೇರೆ, ಅಂದರೆ 29 ಇಂಚಿನ ಎಂ.ಟಿ.ಬಿ.ಯ ಹಿಂಚಕ್ರ, ಗೇರ್ ಗೊಂಚಲು (ಹಿಂದಿನ ಹಲ್ಲುಚಕ್ರಗಳ ಗುಂಪು) ಜಾರಿಸಿ ಕೂರಿಸೋ ಜಾತಿದಾದರೆ, ಅದರ ಹಬ್‌ಗೆ ನಿಮ್ಮ ಗೊಂಚಲು ಕೂರುತ್ತೆ. 29 ಇಂಚು ಅಂದರೂ, ಈ ಸೈಕಲ್ಲಿನ 700 ಅಂದರೂ ಟೈರು ಕೂರೋ ಜಾಗದಲ್ಲಿ ರಿಮ್ಮಿನ ವ್ಯಾಸ ಒಂದೇ, 622 ಮಿ.ಮೀ. ಹನ್ನೊಂದು ಗೇರಿನ ರೋಡ್ ಗೊಂಚಲಾಗಿದ್ದರೆ ಹಬ್ ಸ್ವಲ್ಪ ಉದ್ದ ಬೇಕಾಗ್ತಿತ್ತು. ಕ್ವಿಕ್ ರಿಲೀಸ್ ಹಳೇದು ಅಂತ ಆನ್‌ಲೈನಲ್ಲಿ ಬೈತಾರೆ, ಆದರೆ ನಮ್ಮ ಊರಲ್ಲಿ ಚಕ್ರ ಸಿಗೋದು ಅದಕ್ಕೇ ಸುಲಭ.

ಪೆಡಲ್‌ಪುಟ್ಟಿ (ಬೆಂಗಳೂರು):

ಎಲ್ಲರೂ ಬ್ರೇಕು, ಟೈರು ಅಂತಿದೀರ, ಗೇರಿನ ಬಗ್ಗೆ ಯಾರೂ ಮಾತಾಡಲಿಲ್ಲ! ಈ ಸೈಕಲ್ಲಿನ ನಿಜವಾದ ತೊಂದರೆ ಅದೇ.

46/36 ಜೊತೆ 11-28 ಅಂದರೆ ಒಂದು ಗಂಟೆ ಜೀವ ಬಿಟ್ಟು ತುಳಿಯೋ ಹುಡುಗರ ಲೆಕ್ಕ. ಏರು ಕಡಿದಾದರೆ ಅವರು ಇಳಿದು ಓಡ್ತಾರೆ. ನಂದಿ ಬೆಟ್ಟದಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ನೀವು ಓಡ್ತೀರಾ? ಲೆಕ್ಕ ಹಾಕಿ: ಅತಿ ಹಗುರದ ಗೇರು 36/28. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 10 ಕಿ.ಮೀ. ಏರಿನಲ್ಲಿ ಅದಕ್ಕಿಂತ ನಿಧಾನವಾದಿರಿ ಅಂದರೆ ತುಳಿತವೂ ನಿಧಾನ, ಭಾರವೆಲ್ಲ ಮಂಡಿಗೆ. ಗ್ರಾವೆಲ್ ಬೈಕಿನಲ್ಲಿ ಶಿಮಾನೋ 2019ರಲ್ಲಿ ತಂದ ಗ್ರಾವೆಲ್ ಗೇರ್ ಸೆಟ್ ಜಿಆರ್‌ಎಕ್ಸ್‌ನ 46/30 ಇದ್ದು, ಹಿಂದೆ 34ರ ಹಲ್ಲಿದ್ದರೆ, ಅದೇ 60 ಸುತ್ತಿಗೆ ಗಂಟೆಗೆ 7 ಕಿ.ಮೀ. ಒಳಗೇ ಆರಾಮಾಗಿ ಹತ್ತಬಹುದು. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಆ ಮೂರು ಕಿ.ಮೀ. ವ್ಯತ್ಯಾಸ ಏನು ಅಂತ ಮಂಡಿಯೇ ಹೇಳುತ್ತೆ.

ಪರಿಹಾರ ಇದೆ, ಭಾರೀ ಖರ್ಚೂ ಇಲ್ಲ. 46/36 ಕ್ರ್ಯಾಂಕಿನಲ್ಲಿ (ಪೆಡಲ್ ತೋಳು, ಮುಂದಿನ ಹಲ್ಲುಚಕ್ರ) ಬೋಲ್ಟುಗಳು ಕೂರೋ ವೃತ್ತದ ವ್ಯಾಸ ಸಾಮಾನ್ಯವಾಗಿ 110 ಮಿ.ಮೀ., ಅಂದರೆ ಒಳಗಿನ 36 ತೆಗೆದು 34 ಹಾಕಬಹುದು. ಹಿಂದೆ 11-32 ಗೊಂಚಲು. ಆಗ ಗಂಟೆಗೆ 8 ಕಿ.ಮೀ. ಚಿಲ್ಲರೆಗೆ ಇಳೀತು. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಜಾರಿಸೋ ಸಾಧನ) ಉದ್ದ ಕೇಜಿನದ್ದಾ, ಅಂದರೆ ಚೈನ್ ಹಿಡಿಯೋ ಅದರ ತೋಳು ಉದ್ದದ್ದಾ, ಅದು 32ರ ಹಲ್ಲು ಹಿಡಿಯುತ್ತಾ ಅಂತ ಮೊದಲು ನೋಡಿಸಿ.

ಬಾಕಿ ವಿಷಯದಲ್ಲಿ ಸೈಕ್ಲೋಕ್ರಾಸ್ ನನಗೆ ಇಷ್ಟ. 200 ಕಿ.ಮೀ. ಬ್ರೆವೆಯಲ್ಲಿ (ಗಡುವಿನೊಳಗೆ ಮುಗಿಸೋ ದೂರದ ಸವಾರಿ, ರೇಸಲ್ಲ) ಹದಿಮೂರೂವರೆ ಗಂಟೆ ಸಮಯ ಇರುತ್ತೆ, 32ರ ನುಣುಪು ಟೈರ್ ಹಾಕಿದ ಸೈಕ್ಲೋಕ್ರಾಸ್‌ಗೆ ಅದು ಧಾರಾಳ ಸಾಕು.

ಕಡ್ಡಿಬಿಗಿ (ಬೆಂಗಳೂರು):

ಪುಟ್ಟಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹಳೇ ಹತ್ತು ಗೇರಿನ ಶಿಮಾನೋ ರೋಡ್ ಸೈಕಲ್ಲಿನ, ಹ್ಯಾಂಡಲ್ ಮೇಲೆ ಗೇರ್ ಬದಲಿಸೋ ಲಿವರ್‌ಗೆ ಒಂಬತ್ತು ಗೇರಿನ ಎಂ.ಟಿ.ಬಿ. ಡಿರೇಲರ್ ಹೊಂದುತ್ತೆ, ವೈರ್ ಎಳೆಯೋ ಅಳತೆ ಒಂದೇ. ಹಾಗೆ ಮಾಡಿದರೆ ಹಿಂದೆ 34, 36 ತನಕ ಹೋಗಬಹುದು. ಲಿವರ್ ಶಿಮಾನೋದ ಟಿಯಾಗ್ರಾ 4700 ಮಾಡೆಲ್ ಆಗಿದ್ದರೆ ಮಾತ್ರ ಈ ಆಟ ನಡೆಯಲ್ಲ, ಅದರ ಅಳತೆ ಬೇರೆ.

ಬಿಳಿಜೋಳ (ಬಾಗಲಕೋಟೆ):

ನಮಸ್ಕಾರ ರೀ. ನಮ್ಮ ಬಾಗಲಕೋಟಿ, ವಿಜಾಪುರ ಕಡೆ ಸೈಕಲ್ ರೇಸ್ ಹುಚ್ಚು ಭಾಳ, ಹುಡುಗ್ರೆಲ್ಲಾ ತೆಳ್ಳನ ಟೈರಿನ ರೋಡ್ ಸೈಕಲ್ ಮ್ಯಾಲೆ ಹೈವೇ ಹಿಡಿತಾರ. ನಾನು ಹೊಲಕ್ಕ ಹೋಗಾಂವ, ನನ್ನ ಕತಿ ಬ್ಯಾರೆ.

ಟೈರಿನ ಮಾತು ಹೇಳ್ತೀನಿ ಕೇಳ್ರಿ. ನೆಗ್ಗಿಲ ಮುಳ್ಳು ಗೊತ್ತೈತೇನ್ರಿ? ನೆಲಕ್ಕ ಹಬ್ಬಿ ಹಳದಿ ಹೂ ಬಿಡ್ತೈತಿ, ಕಾಯಿ ಒಣಗಿತಂದ್ರ ಹ್ಯಾಂಗ ಬಿದ್ರೂ ಒಂದು ಮುಳ್ಳು ಮ್ಯಾಲೇ ಇರ್ತೈತಿ. ಅದರ ಜೋಡಿ ಜಾಲಿ ಮುಳ್ಳು. ರೇಸಿನ ಬಟನ್ ಟೈರು ಹಗುರ ಇರಲಿ ಅಂತ ತೆಳ್ಳಗ ಮಾಡಿರ್ತಾರ, ಬಟನ್ ನಡುವಿನ ರಬ್ಬರು ಕಾಗದ ಇದ್ದಂಗ. ಟಾರಿನ ಮ್ಯಾಲೆ ದಿನಾ ಓಡಿಸಿದ್ರ ಬಟನ್ ಸವದು ಹೋಗ್ತಾವ, ಸದ್ದೂ ಭಾಳ. ಬಂದ ಕೂಡ್ಲೆ ತಗದ ಬಿಡ್ರಿ. ನಡುವ ನುಣುಪು, ಬದಿಗಿ ಸಣ್ಣ ಗೀರು ಇರೋ 35ರ ಟೈರು, ಒಳಗ ಪಂಕ್ಚರ್ ತಡಿಯೋ ಪಟ್ಟಿ ಇರೋದು ಹಾಕ್ರಿ. ರಿಮ್ಮು ಟ್ಯೂಬ್‌ಲೆಸ್ ಹಿಡಿತಿದ್ರ ಒಳಗ ತೂತು ತಾನ ಮುಚ್ಚೋ ಸೀಲಂಟ್ ದ್ರವ ಹಾಕಿಸಿ ಬಿಡ್ರಿ, ನೆಗ್ಗಿಲ ಮುಳ್ಳಿಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ.

ಇನ್ನೊಂದು, ಎರಿ ಮಣ್ಣಿನ ಹೊಲದ ದಾರಿಗೆ ಮಳಿ ಬಿದ್ದ ಮರುದಿನ ಯಾವ ಸೈಕಲ್ಲೂ ನಡಿಯಂಗಿಲ್ಲ. ಮಡ್‌ಗಾರ್ಡ್ ಇದ್ರಂತೂ ಅದರಾಗ ಮಣ್ಣು ಮೆತ್ತಿ ಗಾಲಿ ತಿರಗೂದ ನಿಂತ ಬಿಡ್ತೈತಿ. ನಿಮ್ಮ ಕಡೆ ಕೆಂಪ ಮಣ್ಣು, ಪರವಾಗಿಲ್ಲ.

ಗಾಳಿ ಹೊಡಿಯೂದು? ಇಂಥಾ ಸೈಕಲ್ಲಿಗೆ ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವ್ ಇರ್ತೈತಿ. ಹಳ್ಳಿ ಪಂಕ್ಚರ್ ಅಂಗಡಿ ಪಂಪು ಅದಕ್ಕ ಕೂಡಂಗಿಲ್ಲ. ಹಿತ್ತಾಳಿದು ಒಂದು ಸಣ್ಣ ಅಡಾಪ್ಟರ್ ಬರ್ತೈತಿ, ಕಮ್ಮಿ ರೊಕ್ಕಕ್ಕ. ಎರಡು ತಗೊಂಡು ಒಂದ ವಾಲ್ವಿಗೇ ತಿರುವಿ ಇಡ್ರಿ.

ಹಳೇಅಟ್ಲಾಸ್ (ಮೈಸೂರು):

ಗಾಳಿ ಹೊಡೆಯೋಕೂ ಅಡಾಪ್ಟರ್ ಬೇಕಾದ ಸೈಕಲ್! ದೇವರೇ ಕಾಪಾಡಬೇಕು.

ಕೆರೆಏರಿ (ಬೆಂಗಳೂರು):

ಎಲ್ಲರಿಗೂ ಧನ್ಯವಾದ. ನಿನ್ನೆ ಹೋಗಿ ಸೈಕಲ್ ನೋಡಿದೆ. ತೂತುಗಳಿವೆ: ಹಿಂದೆ ಅಚ್ಚಿನ ಹತ್ತಿರ, ಸೀಟಿನ ಕೆಳಗಿನ ಕಡ್ಡಿಗಳಲ್ಲಿ, ಫೋರ್ಕಿನ ಎರಡೂ ತುದಿಯಲ್ಲಿ. ಬಾಟಲಿಗೆ ಎರಡು ಜಾಗ. ಹಿಂದೆ ಕ್ವಿಕ್ ರಿಲೀಸ್. ಲಿವರ್ ಶಿಮಾನೋ 105, ಹತ್ತು ಗೇರಿನ ಹಳೇದು. ಫ್ರೇಮ್ ಸೈಜ್ 54 ಅಂತಿದೆ. ಓಡಿಸಿದಾಗ ಸ್ವಲ್ಪ ಚಾಚಿಕೊಂಡ ಹಾಗೆ ಅನ್ನಿಸಿತು, ನೋವೇನಿಲ್ಲ. ಸಿಗ್ನಲ್ಲಿನಲ್ಲಿ ಕಾಲೂರೋಕೆ ಸೈಕ್ಲೋಕ್ರಾಸ್ ಎತ್ತರ ಅಂತಾರಲ್ಲ, ಅದು ನಿಜವಾ?

ಲ್ಯೂವೆನ್‌ಕನ್ನಡಿಗ (ಬೆಲ್ಜಿಯಂ):

ಆ ಎತ್ತರದ ಮಾತು ಅರ್ಧ ನಿಜ. ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ತಿರುಗೋ ನಡು, ಚಕ್ರದ ಅಚ್ಚುಗಳಿಗಿಂತ ಎಷ್ಟು ಕೆಳಗಿದೆ ಅನ್ನೋದು ಲೆಕ್ಕ. ಸೈಕ್ಲೋಕ್ರಾಸ್‌ನಲ್ಲಿ 65 ಮಿ.ಮೀ. ಆಸುಪಾಸು, ಗ್ರಾವೆಲ್‌ನಲ್ಲಿ 75ರ ಹತ್ತಿರ. ಹತ್ತು ಮಿ.ಮೀ. ಎತ್ತರ ಅಂತ ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಆದರೆ ಗ್ರಾವೆಲ್‌ಗೆ 40ರ ಟೈರು, ನಿಮ್ಮದಕ್ಕೆ 33ರದ್ದು. ದಪ್ಪ ಟೈರು ಇಡೀ ಸೈಕಲ್ಲನ್ನೇ 7 ಮಿ.ಮೀ. ಎತ್ತುತ್ತೆ. ಕೂಡಿ ಕಳೆದರೆ ಪೆಡಲ್ ನಡು ನೆಲದಿಂದ ಸೈಕ್ಲೋಕ್ರಾಸ್‌ನಲ್ಲಿ 279, ಗ್ರಾವೆಲ್‌ನಲ್ಲಿ 276. ಮೂರು ಮಿ.ಮೀ.ಗೆ ಯಾರ ಕಾಲೂ ತಪ್ಪಲ್ಲ. ನಿಜವಾದ ವ್ಯತ್ಯಾಸ ಇರೋದು ತಿರುಗೋ ಗುಣದಲ್ಲಿ: ಸೈಕ್ಲೋಕ್ರಾಸ್ ಚಕ್ರಗಳ ನಡುವಿನ ಅಂತರ ಕಮ್ಮಿ, ಮುಂದಿನ ಫೋರ್ಕಿನ ಕೋನ ಕಡಿದು, ಹ್ಯಾಂಡಲ್ ಚುರುಕು. ಟ್ರಾಫಿಕ್ಕಿನಲ್ಲಿ ಇದು ಹಿತ. ಸಾವನದುರ್ಗದ ಕಡೆ ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಗ್ರಾವೆಲ್ಲೇ ನೆಮ್ಮದಿ.

ಐದಡಿ ಐದಿಂಚಿಗೆ 54 ಸ್ವಲ್ಪ ದೊಡ್ಡದು. ಸೈಜಿನ ಅಂಕಿಯನ್ನು ಒಂದೊಂದು ಕಂಪನಿ ಒಂದೊಂದು ತರ ಅಳೆಯುತ್ತೆ, ಅದನ್ನು ನಂಬಬೇಡಿ. ಚಪ್ಪಟೆ ನೆಲದಲ್ಲಿ ಕಾಲೂರಿ ನಿಂತಾಗ ಮೇಲಿನ ಕೊಳವೆಗೂ ನಿಮಗೂ ನಡುವೆ ಎರಡು ಬೆರಳಾದರೂ ಸಂದಿರಬೇಕು. ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ಮುಂದಿನ ತುಂಡು) 100 ಮಿ.ಮೀ. ಇದ್ದರೆ 80 ಹಾಕಿಸಿ. ಲಿವರ್ ಮೇಲೆ ಕೈಯಿಟ್ಟಾಗ ಮೊಣಕೈ ಸಲೀಸಾಗಿ ಮಡಿಸೋಕೆ ಬಂದರೆ ತಗೊಳ್ಳಿ. ಅಷ್ಟಾದರೂ ತೋಳು ಸೆಟೆದುಕೊಂಡೇ ಇದ್ದರೆ ಬೆಲೆ ಎಷ್ಟು ಇಳಿಸಿದರೂ ಬೇಡ.

ಪೆಡಲ್‌ಪುಟ್ಟಿ (ಬೆಂಗಳೂರು):

ಇನ್ನೊಂದು ನೋಡಿ, ಕುಳ್ಳಗಿರೋರಿಗೆ ಇದು ಮುಖ್ಯ. ಪೆಡಲ್ ಅಡ್ಡಕ್ಕೆ ತಂದು, ಮುಂಗಾಲು ಅದರ ಮೇಲಿಟ್ಟು ಹ್ಯಾಂಡಲ್ ತಿರುಗಿಸಿ. ಶೂ ತುದಿ ಟೈರಿಗೆ ತಾಗುತ್ತಾ? ಮಡ್‌ಗಾರ್ಡ್ ಹಾಕಿದ ಮೇಲೆ ಅದು ಇನ್ನೂ ಒಂದೆರಡು ಸೆಂ.ಮೀ. ಶೂ ಹತ್ತಿರ ಬರುತ್ತೆ. ಓಡುವಾಗ ಗೊತ್ತಾಗಲ್ಲ, ಸಂದಿಯಲ್ಲಿ ನಿಧಾನಕ್ಕೆ ತಿರುಗಿಸುವಾಗ ಬೀಳಿಸುತ್ತೆ. ಆಮೇಲೆ ಹಿಂದಿನ ಬ್ಯಾಗು: ಸೈಕ್ಲೋಕ್ರಾಸ್‌ನಲ್ಲಿ ಪೆಡಲ್ ತಿರುಗೋ ನಡುವಿನಿಂದ ಹಿಂದಿನ ಅಚ್ಚಿಗೆ 425, 430 ಮಿ.ಮೀ. ಅಷ್ಟೇ, ಟೂರಿಂಗ್ ಸೈಕಲ್ಲಿನಲ್ಲಿ 450 ಇರುತ್ತೆ. ಅಗಲ ಬ್ಯಾಗು ಹಾಕಿದರೆ ಹಿಮ್ಮಡಿ ತಾಗುತ್ತೆ. ಕ್ಯಾರಿಯರ್ ಹಿಂದಕ್ಕೆ ಸರಿಸೋಕೆ ಬರುವಂಥದ್ದು ತಗೊಳ್ಳಿ. ಲ್ಯಾಪ್‌ಟಾಪನ್ನ ಬೆನ್ನಿಗೆ ಮಾತ್ರ ಹಾಕಬೇಡಿ, ಆಫೀಸು ಮುಟ್ಟೋದರಲ್ಲಿ ಅಂಗಿ ಹಿಂಡಬೇಕಾಗುತ್ತೆ.

ಕೆರೆಏರಿ (ಬೆಂಗಳೂರು):

ಶೂ ತಾಗಲ್ಲ, ಬೆರಳಿನಷ್ಟು ಸಂದಿದೆ. ಮಡ್‌ಗಾರ್ಡ್ ಹಾಕಿದರೆ ಅನುಮಾನವೇ. ಎಷ್ಟು ದಪ್ಪದ ಟೈರ್ ಹಿಡಿಯಬಹುದು ಅಂತ ಅಂದಾಜು ಮಾಡೋದು ಹೇಗೆ?

ಕಡ್ಡಿಬಿಗಿ (ಬೆಂಗಳೂರು):

ಅಲೆನ್ ಕೀ ಸಾಕು. ಈಗಿರೋ 33ರ ಟೈರಿನ ಎರಡೂ ಪಕ್ಕ 6 ಮಿ.ಮೀ. ಕೀ, ಮೇಲೆ ಫೋರ್ಕಿನ ಕಿರೀಟದ ಹತ್ತಿರ, ಹಿಂದೆ ಪೆಡಲ್ ನಡುವಿನ ಹತ್ತಿರ 10 ಮಿ.ಮೀ. ಕೀ ತೂರಿಸಿ ನೋಡಿ. ಎಲ್ಲಾ ಕಡೆ ಸಲೀಸಾಗಿ ಹೋದರೆ 38ರ ಟೈರ್ ಹಾಕಬಹುದು, ಪಕ್ಕಕ್ಕೆ ಎರಡೂವರೆ ಮಿ.ಮೀ. ಹೋದರೂ ಮೂರೂವರೆ ಉಳಿಯುತ್ತೆ, ಎತ್ತರಕ್ಕೆ ಐದು ಹೋದರೂ ಐದು ಉಳಿಯುತ್ತೆ. ಬಿಗಿಯಾದರೆ 35ಕ್ಕೆ ನಿಲ್ಲಿಸಿ. ಮಡ್‌ಗಾರ್ಡ್ ಬೇಕೇ ಬೇಕು ಅಂದರೆ 32. ನಿಮ್ಮ ಆಫೀಸು ದಾರಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಡ್‌ಗಾರ್ಡ್ ಮತ್ತು 32, ಆಮೇಲೆ ಮಡ್‌ಗಾರ್ಡ್ ಬಿಚ್ಚಿ 38. ವರ್ಷಕ್ಕೆ ಎರಡು ಸಲ ಬದಲಾಯಿಸೋದು ದೊಡ್ಡ ಕೆಲಸ ಅಲ್ಲ. ಇದು ಬೇಸರ ಅನ್ನಿಸಿದರೆ, ಎರಡೂ ಒಟ್ಟಿಗೆ ಬೇಕೇ ಬೇಕು ಅಂದರೆ, ಗ್ರಾವೆಲ್ ತಗೊಳ್ಳಿ. ಗ್ರಾವೆಲ್‌ಗೆ ಹೆಚ್ಚು ದುಡ್ಡು ಕೊಡೋದಕ್ಕೆ ನನಗೆ ಒಪ್ಪಿಗೆಯಾಗೋ ಕಾರಣ ಇದೊಂದೇ.

ದುಡ್ಡು ಕೊಡೋ ಮೊದಲು ಸೈಕಲ್ ತಲೆಕೆಳಗು ಮಾಡಿ ಪೆಡಲ್ ನಡುವಿನ ಸುತ್ತ, ಹ್ಯಾಂಡಲ್ ಕೆಳಗಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕಿದೆಯಾ ಅಂತ ಬೆಳಕಿನಲ್ಲಿ ನೋಡಿ. ಅಲ್ಯೂಮಿನಿಯಂ ಬಿರಿದರೆ ಬಿಡಬೇಕಷ್ಟೆ. ಮುಂದಿನ ಬ್ರೇಕ್ ಹಿಡಿದು ಹಿಂದೆಮುಂದೆ ತಳ್ಳಿದಾಗ ಟಕ್ ಅಂದರೆ ಹ್ಯಾಂಡಲ್ ತಿರುಗೋ ಬೇರಿಂಗು, ಅಂದರೆ ಹೆಡ್‌ಸೆಟ್ ಸಡಿಲ, ಅದು ಸಣ್ಣ ಕೆಲಸ. ಚೈನ್ ಸವೆತದ ಅಳತೆಪಟ್ಟಿಯಲ್ಲಿ ಶೇ. 0.75 ದಾಟಿದ್ದರೆ ಚೈನಿನ ಜೊತೆ ಗೊಂಚಲೂ ಹೋಗಿರುತ್ತೆ. ನೀವು ಹೇಗೂ 11-32 ಹಾಕಿಸಬೇಕು, ಟೈರೂ ಬದಲಾಯಿಸಬೇಕು, ಆ ಲೆಕ್ಕ ತೋರಿಸಿ ಬೆಲೆ ಇಳಿಸಿ.

ಕಡಲತಡಿ (ಉಡುಪಿ):

ಚೌಕಾಶಿ ಮಾಡಿ, ಆದ್ರೆ ಜಾಸ್ತಿ ಎಳೀಬೇಡಿ. ಕ್ಯಾರಿಯರ್ ತೂತಿರುವ ಡಿಸ್ಕ್ ಸೈಕ್ಲೋಕ್ರಾಸ್ ನಮ್ಮಲ್ಲಿ ಸಿಗುದೇ ಅಪರೂಪ. ನೀವು ಬಿಟ್ರೆ ನನಗೆ ಒಂದು ಮಾತು ಹೇಳಿ, ಆಯ್ತಾ?

ಕೆರೆಏರಿ (ಬೆಂಗಳೂರು):

ಹಹ್ಹ, ಸದ್ಯಕ್ಕೆ ಬಿಡಲ್ಲ! ಶನಿವಾರ ಅಲೆನ್ ಕೀ ಹಿಡಿದುಕೊಂಡು ಇನ್ನೊಮ್ಮೆ ಹೋಗ್ತೀನಿ. 80ರ ಸ್ಟೆಮ್ ಒಬ್ಬರ ಹತ್ತಿರ ಇದೆಯಂತೆ, ಅದನ್ನೂ ಹಾಕಿ ನೋಡ್ತೀನಿ. ಮೈಗೆ ಒಗ್ಗಿ, ಬಿರುಕಿಲ್ಲದೆ, 35ರ ಟೈರಾದರೂ ಹಿಡಿಯುವಂತಿದ್ದರೆ 38 ಸಾವಿರಕ್ಕೆ ಕೇಳ್ತೀನಿ. ಇಲ್ಲ ಅಂದರೆ ದುಡ್ಡು ಕೂಡಿಟ್ಟು ಗ್ರಾವೆಲ್.

ಹಳೇಅಟ್ಲಾಸ್ (ಮೈಸೂರು):

ಎಲ್ಲಾ ಸರಿ, ಇದಕ್ಕೆ ಸ್ಟ್ಯಾಂಡ್ ಹಾಕಿಸಬಹುದಾ?

ಕಡ್ಡಿಬಿಗಿ (ಬೆಂಗಳೂರು):

ಇಲ್ಲ ಸರ್. ಹಿಂದಿನ ಕೊಳವೆ ತೆಳು, ಸ್ಟ್ಯಾಂಡಿನ ಕ್ಲ್ಯಾಂಪ್ ಬಿಗಿದರೆ ನಜ್ಜಾಗುತ್ತೆ. ಗೋಡೆಗೆ ಒರಗಿಸಬೇಕು.

ಹಳೇಅಟ್ಲಾಸ್ (ಮೈಸೂರು):

ನಲವತ್ತು ಸಾವಿರದ ಸೈಕಲ್ಲು, ನಿಲ್ಲೋಕೆ ಇನ್ನೊಬ್ಬರ ಕಾಂಪೌಂಡು!